ಮನೆಯಲ್ಲಿ ಶುಗರ್ ನೋಡುವಾಗ ಸರಿಯಾದ ನಂಬರ್ ಬರಬೇಕಾದರೆ

ಬೆಳಿಗ್ಗೆ ಎಡಗೈ ಬೆರಳಿಗೆ ಚುಚ್ಚಿದರೆ 142. ಅನುಮಾನ ಬಂದು ಎರಡು ನಿಮಿಷ ಬಿಟ್ಟು ಬಲಗೈಗೆ ಚುಚ್ಚಿದರೆ 155. "ಈ ಮಿಷನ್ ಸುಳ್ಳು ಹೇಳುತ್ತೆ" ಎಂದು ಗ್ಲುಕೋಮೀಟರನ್ನು ಬೀರುವಿನ ಮೂಲೆಗೆ ತಳ್ಳಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಆ ಎರಡು ನಂಬರ್‌ಗಳಲ್ಲಿ ಯಾವುದೂ ಸುಳ್ಳಲ್ಲ.

ಮನೆಯ ಗ್ಲುಕೋಮೀಟರ್ ಎಷ್ಟು ಕರಾರುವಾಕ್ಕಾಗಿ ಇರಬೇಕು ಎಂಬುದಕ್ಕೆ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ ಹೆಸರು ಐಎಸ್‌ಒ 15197, ಈಗ ಜಾರಿಯಲ್ಲಿರುವುದು 2013ರದ್ದು. ಅದರ ಪ್ರಕಾರ ಲ್ಯಾಬಿನ ನಂಬರ್ 100ಕ್ಕಿಂತ ಕಡಿಮೆ ಇದ್ದರೆ ಮೀಟರ್ 15 ಎಂಜಿ (100 ಮಿ.ಲೀ. ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ) ಆಚೀಚೆ ತೋರಿಸಬಹುದು. 100 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶೇ. 15ರಷ್ಟು ಆಚೀಚೆ ಆಗಬಹುದು. ನೂರು ಸಲ ನೋಡಿದರೆ 95 ಸಲ ಈ ಮಿತಿಯೊಳಗೆ ಬಂದರೆ ಆ ಮೀಟರ್ ಪಾಸ್. ಲೆಕ್ಕ ಹಾಕಿ ನೋಡಿ: ರಕ್ತದಲ್ಲಿ ನಿಜವಾಗಿ 160 ಇದ್ದರೆ ಮೀಟರ್ 136ರಿಂದ 184ರವರೆಗೆ ಏನು ತೋರಿಸಿದರೂ ಅದು ಒಪ್ಪಿತ. ನಿಜವಾಗಿ 90 ಇದ್ದರೆ 75ರಿಂದ 105.

ಇದು ಮೀಟರಿನ ಪಾಲಿನ ವ್ಯತ್ಯಾಸ. ಇದನ್ನು ನಾವು ಕಡಿಮೆ ಮಾಡಲು ಆಗದು. ನಮ್ಮ ಕೈಯಲ್ಲಿರುವುದು ಇದರ ಮೇಲೆ ನಾವೇ ಸೇರಿಸುವ ತಪ್ಪುಗಳು: ತೊಳೆಯದ ಕೈ, ಹಾಳಾದ ಸ್ಟ್ರಿಪ್ (ರಕ್ತದ ಹನಿ ತಾಗಿಸುವ ಪಟ್ಟಿ), ಹಿಂಡಿ ತೆಗೆದ ರಕ್ತ, ತಪ್ಪಾದ ಸಮಯ. 40–50 ಎಂಜಿ ಏರುಪೇರು ಬರುವುದು ಹೆಚ್ಚಾಗಿ ಇವುಗಳಿಂದಲೇ. ಹಾಗಾಗಿ ಮಿಷನ್ ಬದಲಾಯಿಸುವ ಮುಂಚೆ ಚುಚ್ಚುವ ರೀತಿಯನ್ನು ಸರಿ ಮಾಡಿಕೊಳ್ಳೋಣ.

ಮೀಟರ್ ಕೊಳ್ಳುವಾಗ

ದುಬಾರಿ ಮೀಟರ್ ಬೇಕಿಲ್ಲ. ಬ್ಲೂಟೂತ್, ಬಣ್ಣದ ಪರದೆ ಇವೆಲ್ಲ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಷ್ಟ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಇದರ ಸ್ಟ್ರಿಪ್ ಬೆಲೆ ಎಷ್ಟು? ನಮ್ಮೂರಿನ ಮೆಡಿಕಲ್ ಶಾಪಿನಲ್ಲಿ ಯಾವಾಗಲೂ ಸಿಗುತ್ತದಾ? ಮೀಟರ್ ಒಂದು ಸಲದ ಖರ್ಚು, ಸ್ಟ್ರಿಪ್ ತಿಂಗಳು ತಿಂಗಳಿನ ಖರ್ಚು. ಸ್ಟ್ರಿಪ್ ದುಬಾರಿಯಾದರೆ ಜನ ಅವಧಿ ಮುಗಿದದ್ದನ್ನೂ ಎಸೆಯಲಾರದೆ ಬಳಸುತ್ತಾರೆ. ಬಂದ ನಂಬರ್ ಅನುಮಾನ ಹುಟ್ಟಿಸಿದರೂ ಎರಡನೇ ಸಲ ನೋಡುವುದಿಲ್ಲ. ತಪ್ಪು ಅಲ್ಲಿಂದ ಶುರು.

ಪೆಟ್ಟಿಗೆಯ ಮೇಲೆ ಅಥವಾ ಕೈಪಿಡಿಯಲ್ಲಿ ಐಎಸ್‌ಒ 15197:2013 ಎಂದು ಇದೆಯೇ ನೋಡಿ. ಕೆಲವು ಹಳೆಯ ಮಾದರಿಗಳಲ್ಲಿ ಪ್ರತಿ ಹೊಸ ಡಬ್ಬಿಗೂ ಕೋಡ್ ಹೊಂದಿಸಬೇಕು ಅಥವಾ ಡಬ್ಬಿಯ ಜೊತೆ ಬರುವ ಸಣ್ಣ ಚಿಪ್ ಹಾಕಬೇಕು. ಅದನ್ನು ಮರೆತರೆ ರೀಡಿಂಗ್ ಹಾದಿ ತಪ್ಪುತ್ತದೆ. ವಯಸ್ಸಾದವರಿಗೆ ಕೊಡುವುದಾದರೆ ಕೋಡ್ ಬೇಡದ ಮೀಟರನ್ನೇ ಆರಿಸಿ. ಅಂಕಿಗಳು ದೊಡ್ಡದಾಗಿ ಕಾಣುವಂತಿರಲಿ.

ವಿದೇಶದಲ್ಲಿರುವ ಮಕ್ಕಳು ಮೀಟರ್ ತಂದುಕೊಡುವುದು ಈಗ ಸಾಮಾನ್ಯ. ಅಮೆರಿಕದಿಂದ ಬಂದರೆ ತೊಂದರೆ ಇಲ್ಲ, ಅಲ್ಲಿಯೂ ನಮ್ಮ ಹಾಗೆ ಎಂಜಿ ಲೆಕ್ಕವೇ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದಿಂದ ಬಂದದ್ದು ಮಿಲಿಮೋಲ್ ಲೆಕ್ಕದಲ್ಲಿ ತೋರಿಸುತ್ತದೆ. ಅದರಲ್ಲಿ 7.8 ಎಂದರೆ ನಮ್ಮ 140. ಬಂದ ಅಂಕಿಯನ್ನು 18ರಿಂದ ಗುಣಿಸಿಕೊಳ್ಳಿ. ಗುಣಿಸುವುದು ಕಷ್ಟವಲ್ಲ. ಆ ಮೀಟರಿನ ಸ್ಟ್ರಿಪ್ ಇಲ್ಲಿ ಸಿಗದೆ ಹೋಗುವುದೇ ದೊಡ್ಡ ತಲೆನೋವು. ಪ್ರೀತಿಯಿಂದ ತಂದದ್ದನ್ನು ಬೇಡ ಎನ್ನಲಾಗದು, ಆದರೂ ಇಲ್ಲಿಯದೊಂದು ಇಟ್ಟುಕೊಳ್ಳುವುದೇ ಜಾಣತನ.

ತಂದ ದಿನವೇ ಮೀಟರಿನ ದಿನಾಂಕ, ಸಮಯ ಸರಿ ಮಾಡಿ. ಬ್ಯಾಟರಿ ಬದಲಿಸಿದಾಗಲೂ ಇದನ್ನು ಮಾಡಬೇಕು. ಡಾಕ್ಟರ್ ಮೀಟರಿನ ಹಳೆಯ ನಂಬರ್‌ಗಳನ್ನು ನೋಡುವಾಗ ಮಧ್ಯಾಹ್ನದ್ದು ನಡುರಾತ್ರಿಯದಾಗಿ ಕಂಡರೆ ಔಷಧಿಯ ತೀರ್ಮಾನವೇ ಬೇರೆಯಾಗಬಹುದು.

ಸ್ಟ್ರಿಪ್: ನಿಜವಾದ ಕೆಲಸ ಮಾಡುವುದು ಇದು

ಮೀಟರ್ ಬರೀ ಲೆಕ್ಕ ಹಾಕುತ್ತದೆ. ಶುಗರ್ ಅಳೆಯುವುದು ಸ್ಟ್ರಿಪ್. ಅದರ ತುದಿಯಲ್ಲಿ ಒಂದು ಕಿಣ್ವವನ್ನು ಒಣಗಿಸಿ ಲೇಪಿಸಿರುತ್ತಾರೆ. ರಕ್ತದ ಗ್ಲುಕೋಸ್ ಅದಕ್ಕೆ ತಾಗಿದಾಗ ರಾಸಾಯನಿಕ ಕ್ರಿಯೆ ನಡೆದು ಸಣ್ಣ ವಿದ್ಯುತ್ ಹರಿಯುತ್ತದೆ. ಮೀಟರ್ ಅದನ್ನು ಅಳೆದು ನಂಬರಾಗಿ ತೋರಿಸುತ್ತದೆ. ಕಿಣ್ವಕ್ಕೆ ಇಬ್ಬರು ಶತ್ರುಗಳು: ಬಿಸಿ ಮತ್ತು ತೇವ. ನಮ್ಮ ರಾಜ್ಯದಲ್ಲಿ ಎರಡಕ್ಕೂ ಕೊರತೆ ಇಲ್ಲ.

ಹೆಚ್ಚಿನ ಕಂಪನಿಗಳು ಸ್ಟ್ರಿಪ್ಪನ್ನು 30 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಿ ಎನ್ನುತ್ತವೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊರಗೆ 40 ದಾಟುತ್ತದೆ. ಮನೆಯೊಳಗಿನ ತಣ್ಣನೆಯ ಕೋಣೆಯಲ್ಲಿ, ಗೋಡೆ ಬೀರುವಿನ ಕೆಳಗಿನ ಅರೆಯಲ್ಲಿ ಇಡಿ. ಟಿವಿ ಮೇಲೆ, ಫ್ರಿಜ್ ಮೇಲೆ, ಕಿಟಕಿ ಪಕ್ಕ, ಅಡುಗೆಮನೆಯಲ್ಲಿ, ನಿಲ್ಲಿಸಿದ ಕಾರಿನಲ್ಲಿ ಬೇಡ. "ಹಾಗಾದರೆ ಫ್ರಿಜ್ ಒಳಗೆ ಇಟ್ಟರೆ?" ಎಂದು ಕೇಳುವವರಿದ್ದಾರೆ. ಅದು ಇನ್ನೂ ಕೆಟ್ಟದ್ದು. ಹೊರಗೆ ತೆಗೆದು ಮುಚ್ಚಳ ಬಿಚ್ಚಿದ ಕೂಡಲೇ ಒಳಗೆ ತೇವ ಕಟ್ಟುತ್ತದೆ. ಇನ್ಸುಲಿನ್ ಫ್ರಿಜ್ಜಿನಲ್ಲಿ ಇರಲಿ, ಸ್ಟ್ರಿಪ್ ಹೊರಗಿರಲಿ. ಬೇಸಿಗೆಯಲ್ಲಿ ಆನ್‌ಲೈನ್‌ನಲ್ಲಿ ತರಿಸಿದರೆ ಪಾರ್ಸೆಲ್ ಡೆಲಿವರಿ ಗಾಡಿಯಲ್ಲಿ ಎಷ್ಟು ಹೊತ್ತು ಬೆಂದಿತ್ತೋ ಗೊತ್ತಾಗುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಾದರೂ ಹತ್ತಿರದ ಅಂಗಡಿಯಿಂದ ತನ್ನಿ.

ಕರಾವಳಿ, ಮಲೆನಾಡಿನವರ ಕಷ್ಟ ತೇವದ್ದು. ಮಳೆಗಾಲದಲ್ಲಿ ಹಪ್ಪಳವೇ ಮೆತ್ತಗಾಗುವ ಮನೆಯಲ್ಲಿ ಸ್ಟ್ರಿಪ್ ಡಬ್ಬಿ ತೆರೆದಿಟ್ಟರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಡಬ್ಬಿಯ ಗೋಡೆಯಲ್ಲೋ ಮುಚ್ಚಳದಲ್ಲೋ ತೇವ ಹೀರುವ ವಸ್ತು ಇರುತ್ತದೆ, ಆದರೆ ಅದಕ್ಕೂ ಒಂದು ಮಿತಿ ಇದೆ. ಒಂದು ಸ್ಟ್ರಿಪ್ ತೆಗೆಯಿರಿ, ಟಕ್ಕೆಂದು ಮುಚ್ಚಳ ಹಾಕಿ, ಆಮೇಲೆ ಚುಚ್ಚಿಕೊಳ್ಳಿ. ಒದ್ದೆ ಕೈಯನ್ನು ಡಬ್ಬಿಗೆ ಹಾಕಬೇಡಿ. ವಾರಕ್ಕೆ ಎರಡು ಮೂರು ಸಲ ಮಾತ್ರ ನೋಡುವವರು 50ರ ಡಬ್ಬಿಯ ಬದಲು 25ರದ್ದನ್ನು ಕೊಳ್ಳಿ. ಒಂದೊಂದನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ಸುತ್ತಿದ ಸ್ಟ್ರಿಪ್‌ಗಳೂ ಕೆಲವು ಕಂಪನಿಗಳಲ್ಲಿ ಸಿಗುತ್ತವೆ. ಮಳೆನಾಡಿಗೆ ಅವು ತುಂಬ ಅನುಕೂಲ.

ಪ್ರಯಾಣಕ್ಕೆಂದು ನಾಲ್ಕು ಸ್ಟ್ರಿಪ್ಪನ್ನು ಕಾಗದದಲ್ಲಿ ಸುತ್ತಿ ಪರ್ಸಿಗೆ ಹಾಕಿಕೊಳ್ಳುವ ಅಭ್ಯಾಸ ಬಿಡಿ. ಉಳಿದ ಹಳೆಯ ಸ್ಟ್ರಿಪ್‌ಗಳನ್ನು ಹೊಸ ಡಬ್ಬಿಗೆ ಸುರಿಯುವುದೂ ಬೇಡ.

ಇನ್ನು ಅವಧಿ. ಡಬ್ಬಿಯ ಮೇಲಿನ ಎಕ್ಸ್‌ಪೈರಿ ದಿನಾಂಕ ಸಾಮಾನ್ಯವಾಗಿ ಡಬ್ಬಿ ತೆರೆಯದಿದ್ದರೆ ಮಾತ್ರ ಅನ್ವಯ ಎಂಬುದು ತುಂಬ ಜನರಿಗೆ ಗೊತ್ತಿಲ್ಲ. ತೆರೆದ ಮೇಲೆ ಕೆಲವು ಬ್ರ್ಯಾಂಡಿನವು ಮೂರು ತಿಂಗಳು, ಕೆಲವು ಆರು ತಿಂಗಳು, ಕೆಲವು ಮಾತ್ರ ಮುದ್ರಿತ ದಿನಾಂಕದವರೆಗೆ ಬರುತ್ತವೆ. ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಡಬ್ಬಿ ಬಿಚ್ಚಿದ ದಿನವೇ ಪೆನ್ನಿನಲ್ಲಿ ಮೇಲೆ ತಾರೀಕು ಬರೆಯಿರಿ.

ಸ್ಟ್ರಿಪ್ ಸರಿ ಇದೆಯಾ ಎಂದು ಪರೀಕ್ಷಿಸಲು ಕಂಟ್ರೋಲ್ ಸಲ್ಯೂಷನ್ ಎಂಬ ದ್ರವ ಸಿಗುತ್ತದೆ. ಅದರಲ್ಲಿ ಗೊತ್ತಿರುವ ಪ್ರಮಾಣದ ಗ್ಲುಕೋಸ್ ಇರುತ್ತದೆ. ರಕ್ತದ ಬದಲು ಅದರ ಹನಿ ಹಾಕಿದಾಗ ಡಬ್ಬಿಯ ಮೇಲೆ ಮುದ್ರಿಸಿದ ಅಂಕಿಗಳ ಮಧ್ಯೆ ರೀಡಿಂಗ್ ಬರಬೇಕು. ನಮ್ಮಲ್ಲಿ ಅಂಗಡಿಯವರು ತಾವಾಗಿ ಕೊಡುವುದು ಕಡಿಮೆ. ಕೇಳಿ ತರಿಸಬೇಕು, ಅಥವಾ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಬೇಕು. ನಿಮ್ಮ ಮೀಟರಿನ ಕಂಪನಿಯದ್ದೇ ಆಗಬೇಕು. ಮೀಟರ್ ಕೆಳಗೆ ಬಿದ್ದಾಗ, ಡಬ್ಬಿ ಬಿಸಿಲಿನಲ್ಲಿ ಉಳಿದಾಗ, ನಂಬರ್‌ಗಳು ಇದ್ದಕ್ಕಿದ್ದಂತೆ ವಿಚಿತ್ರವಾದಾಗ ಇದನ್ನು ಬಳಸಿ.

ಕೈ ತೊಳೆಯುವುದು

ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಸ್ಟ್ರಿಪ್‌ಗೆ ಬೇಕಾಗುವ ರಕ್ತ ಒಂದು ಮೈಕ್ರೋಲೀಟರ್ ಅಥವಾ ಅದಕ್ಕಿಂತ ಕಡಿಮೆ. ಅಷ್ಟು ಚಿಕ್ಕ ಹನಿಯಲ್ಲಿ ಬೆರಳಿಗೆ ಅಂಟಿದ ಕಣ್ಣಿಗೆ ಕಾಣದ ಸಕ್ಕರೆ ಬೆರೆತರೂ ಸಾಕು, ನಂಬರ್ ಎಲ್ಲೋ ಹೋಗುತ್ತದೆ.

2011ರಲ್ಲಿ ಜಪಾನಿನ ವೈದ್ಯರು ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಶುಗರ್ ಇಲ್ಲದವರ ಕೈಗೆ ಕಿತ್ತಳೆ, ದ್ರಾಕ್ಷಿ, ಕಿವಿ ಹಣ್ಣು ಕೊಟ್ಟು ಸಿಪ್ಪೆ ಸುಲಿಸಿ, ಆಮೇಲೆ ಬೆರಳು ಚುಚ್ಚಿ ನೋಡಿದರು. ಕೈ ತೊಳೆಯದಿದ್ದಾಗ ರೀಡಿಂಗ್ ತುಂಬ ಮೇಲೆ ಬಂತು. ನೀರಿನಲ್ಲಿ ತೊಳೆದ ಮೇಲೆ ಸರಿಯಾಯಿತು. ಗಮನಿಸಬೇಕಾದ್ದು ಏನೆಂದರೆ, ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೂ ಹೆಚ್ಚೇ ಬಂತು. ಸಕ್ಕರೆ ನೀರಿನಲ್ಲಿ ಕರಗುವಷ್ಟು ಸ್ಪಿರಿಟ್ಟಿನಲ್ಲಿ ಕರಗುವುದಿಲ್ಲ. ಆಸ್ಪತ್ರೆಯಲ್ಲಿ ಹತ್ತಿಯಲ್ಲಿ ಒರೆಸುವುದನ್ನು ನೋಡಿ ಮನೆಯಲ್ಲೂ ಅದೇ ಸಾಕು ಅಂದುಕೊಂಡಿದ್ದೇವೆ, ಅಲ್ವಾ? ಮನೆಯಲ್ಲಿ ನಲ್ಲಿ ನೀರು, ಸೋಪು ಇದೆ. ಅದೇ ಒಳ್ಳೆಯದು.

ನಮ್ಮ ಮನೆಗಳಲ್ಲಿ ಈ ತಪ್ಪು ಆಗುವ ಹೊತ್ತು ಯಾವುದು ಎಂದು ಸ್ವಲ್ಪ ಯೋಚಿಸಿ. ಮೊಮ್ಮಗನಿಗೆ ಬಾಳೆಹಣ್ಣು ಸುಲಿದು ಕೊಟ್ಟ ಮೇಲೆ. ಬೆಲ್ಲ ಕುಟ್ಟಿದ ಮೇಲೆ. ಹಲಸಿನ ತೊಳೆ ಬಿಡಿಸಿದ ಮೇಲೆ, ಮಾವು ಹೆಚ್ಚಿದ ಮೇಲೆ. ಎಲ್ಲರ ಕಾಫಿಗೂ ಸಕ್ಕರೆ ಹಾಕಿ ತಾನು ಮಾತ್ರ ಸಪ್ಪೆ ಕುಡಿಯುವ ಅಮ್ಮನ ಬೆರಳಿನಲ್ಲಿ. ತಾನು ತಿಂದಿಲ್ಲ, ಆದರೂ ಮೀಟರ್ 260 ಅನ್ನುತ್ತದೆ. ಗಾಬರಿಯಾಗಿ ಇನ್ಸುಲಿನ್ ಹೆಚ್ಚು ತೆಗೆದುಕೊಂಡರೆ ಅಪಾಯ ಅಲ್ಲೇ ಶುರುವಾಗುತ್ತದೆ.

ಸೋಪು ಹಾಕಿ, ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಬೆಚ್ಚಗಿನ ನೀರಿನಿಂದ ಬೆರಳಿಗೆ ರಕ್ತವೂ ಚೆನ್ನಾಗಿ ಬರುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಚಳಿಯ ಬೆಳಗಿನಲ್ಲಿ ಇದು ಬೇಕೇ ಬೇಕು. ಆಮೇಲೆ ಶುಭ್ರವಾದ ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ. ನೀರು ಉಳಿದರೆ ರಕ್ತ ತೆಳುವಾಗಿ ನಂಬರ್ ಕಡಿಮೆ ಬರಬಹುದು. ಅಡುಗೆಮನೆಯ ಕೈಒರೆಸು ಬಟ್ಟೆ ಬೇಡ, ಅದರಲ್ಲೇ ಸಕ್ಕರೆ ಅಂಟಿರುತ್ತದೆ.

ಬಸ್ಸಿನಲ್ಲೋ ಮದುವೆ ಮನೆಯಲ್ಲೋ ಇದ್ದೀರಿ, ನೀರಿಲ್ಲ. ಆಗ ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಟ್ಟು ಚುಚ್ಚಿ. ಮೊದಲ ಹನಿಯನ್ನು ಒರೆಸಿ ತೆಗೆದು ಎರಡನೇ ಹನಿಯನ್ನು ಬಳಸಿ. ಕೈ ಸೋಪಿನಲ್ಲಿ ತೊಳೆದಿದ್ದರೆ ಮೊದಲ ಹನಿಯೇ ಆಗುತ್ತದೆ.

ಚುಚ್ಚುವುದು, ಹನಿ ಕೊಡುವುದು

ಮಧ್ಯದ ಬೆರಳು, ಉಂಗುರ ಬೆರಳು, ಕಿರುಬೆರಳು ಒಳ್ಳೆಯದು. ಬೆರಳಿನ ತುದಿಯ ನಡುಭಾಗಕ್ಕೆ ಚುಚ್ಚಬೇಡಿ, ಅಲ್ಲಿ ನರಗಳು ಜಾಸ್ತಿ, ನೋವೂ ಜಾಸ್ತಿ. ಉಗುರಿನ ಪಕ್ಕದಿಂದ ಸ್ವಲ್ಪ ಒಳಗೆ, ಬದಿಗೆ ಚುಚ್ಚಿ. ದಿನಾ ಒಂದೇ ಜಾಗ ಬೇಡ. ಒಂದೇ ಕಡೆ ಚುಚ್ಚಿದರೆ ಚರ್ಮ ಗಟ್ಟಿಯಾಗಿ ರಕ್ತ ಬರುವುದಿಲ್ಲ, ಆಮೇಲೆ ಹಿಂಡುವುದು ಶುರುವಾಗುತ್ತದೆ.

ಹಿಂಡುವುದೇ ಇಲ್ಲಿನ ದೊಡ್ಡ ತಪ್ಪು. ಬೆರಳ ತುದಿಯನ್ನು ಗಟ್ಟಿಯಾಗಿ ಅದುಮಿದರೆ ಜೀವಕೋಶಗಳ ನಡುವಿನ ನೀರು ರಕ್ತದ ಜೊತೆ ಬೆರೆಯುತ್ತದೆ. ರೀಡಿಂಗ್ ತಪ್ಪುತ್ತದೆ. ರಕ್ತ ಬರುತ್ತಿಲ್ಲ ಅಂದರೆ ಕೈಯನ್ನು ಕೆಳಗೆ ಬಿಟ್ಟು ಅರ್ಧ ನಿಮಿಷ ಕೊಡವಿ. ಅಂಗೈಯಿಂದ ಬೆರಳ ತುದಿಯ ಕಡೆಗೆ ಮೆಲ್ಲಗೆ ನೀವಿ. ಆಗಲೂ ಬಾರದಿದ್ದರೆ ಚುಚ್ಚುವ ಪೆನ್ನಿನ ಆಳವನ್ನು ಒಂದು ಅಂಕಿ ಹೆಚ್ಚಿಸಿ. ಹೊಲದ ಕೆಲಸ, ಗಾರೆ ಕೆಲಸ ಮಾಡುವವರ ಬೆರಳಿಗೆ 4–5ರ ಆಳ ಬೇಕಾಗಬಹುದು. ಮೆದು ಕೈಯವರಿಗೆ 2 ಸಾಕು.

ಸೂಜಿ ಪ್ರತಿ ಸಲ ಹೊಸದಿರಲಿ. ಹಳೆಯದು ಮೊಂಡಾಗಿ ನೋವು ಹೆಚ್ಚುತ್ತದೆ, ಸೋಂಕಿನ ಭಯವೂ ಇದೆ. ಇನ್ನೊಂದು ಮಾತು: ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರಿಗೂ ಶುಗರ್ ಇದ್ದರೆ ಮೀಟರ್ ಒಂದೇ ಇದ್ದರೂ ಚುಚ್ಚುವ ಪೆನ್ನು ಬೇರೆ ಬೇರೆ ಇರಬೇಕು. ಸೂಜಿ ಬದಲಿಸಿದರೂ ಪೆನ್ನಿನ ಬಾಯಿಗೆ ರಕ್ತ ತಾಗಿರುತ್ತದೆ. ಹೆಪಟೈಟಿಸ್ ಬಿ ಹೀಗೆ ಹರಡಬಲ್ಲದು. "ಗಂಡ ಹೆಂಡತಿ ತಾನೇ" ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆ ಇಲ್ಲ.

ಸ್ಟ್ರಿಪ್ಪನ್ನು ಮೊದಲೇ ಮೀಟರಿಗೆ ಹಾಕಿ, ರಕ್ತದ ಹನಿಯ ಗುರುತು ಮಿನುಗುವಂತಿರಲಿ. ರಾಗಿ ಕಾಳಿನಷ್ಟು ಹನಿ ಬಂದರೆ ಸಾಕು. ಸ್ಟ್ರಿಪ್ಪಿನ ತುದಿಯನ್ನು ಹನಿಗೆ ತಾಗಿಸಿ. ಅದು ತಾನಾಗಿ ಹೀರಿಕೊಳ್ಳುತ್ತದೆ. ಮೇಲಿನಿಂದ ರಕ್ತ ಸವರಬೇಡಿ, ಬೆರಳಿಗೆ ಒತ್ತಬೇಡಿ. ರಕ್ತ ಸಾಲಲಿಲ್ಲ ಎಂದು ಮೀಟರ್ ತಪ್ಪು ತೋರಿಸಿದರೆ ಹೊಸ ಸ್ಟ್ರಿಪ್ ತೆಗೆದುಕೊಳ್ಳಿ. ಅದೇ ಸ್ಟ್ರಿಪ್ಪಿಗೆ ಮತ್ತೊಂದು ಹನಿ ಸೇರಿಸಲು ಕೆಲವೇ ಮಾದರಿಗಳಲ್ಲಿ, ಕೆಲವೇ ಸೆಕೆಂಡು ಅವಕಾಶ ಇರುತ್ತದೆ. ಕೈಪಿಡಿಯಲ್ಲಿ ಹಾಗೆ ಬರೆದಿಲ್ಲದಿದ್ದರೆ ಮಾಡಬೇಡಿ.

ಮುಂಗೈಯಿಂದ ರಕ್ತ ತೆಗೆಯಬಹುದು ಎಂದು ಕೆಲವು ಮೀಟರ್‌ಗಳು ಹೇಳುತ್ತವೆ. ನಿಜ, ಆದರೆ ಊಟದ ನಂತರ ಮತ್ತು ಶುಗರ್ ಇಳಿಯುತ್ತಿರುವಾಗ ಮುಂಗೈಯ ರಕ್ತ ಬೆರಳಿನದಕ್ಕಿಂತ ಹಿಂದೆ ಉಳಿಯುತ್ತದೆ. ಬೆರಳೇ ವಾಸಿ.

ಯಾವಾಗ ನೋಡಬೇಕು

ಫಾಸ್ಟಿಂಗ್ ಎಂದರೆ ಎಂಟು ಗಂಟೆ ಏನೂ ತಿನ್ನದೆ, ನೀರು ಮಾತ್ರ ಕುಡಿದು ನೋಡುವುದು. "ಬರೀ ಅರ್ಧ ಲೋಟ ಕಾಫಿ, ಅದೂ ಸಕ್ಕರೆ ಇಲ್ಲದ್ದು" ಎನ್ನುವವರ ಲೆಕ್ಕ ಇಲ್ಲಿ ನಡೆಯದು. ಹಾಲಿನಲ್ಲೂ ಸಕ್ಕರೆ ಇದೆ. ಎದ್ದು, ಹಲ್ಲುಜ್ಜಿ, ಕೈ ತೊಳೆದು ಮೊದಲು ಇದನ್ನೇ ಮುಗಿಸಿ. ಹತ್ತು ಗಂಟೆಯವರೆಗೆ ಕಾದು ನೋಡಿದರೆ ಅದು ಅದೇ ನಂಬರ್ ಆಗಿರುವುದಿಲ್ಲ. ಬೆಳಗಿನ ಜಾವದಲ್ಲಿ ಕೆಲವು ಹಾರ್ಮೋನುಗಳು ಏರಿ, ಲಿವರ್ ತಾನೇ ಸಕ್ಕರೆ ಬಿಡುತ್ತದೆ. ರಾತ್ರಿ ಬರೀ ಒಂದು ಚಪಾತಿ ತಿಂದರೂ ಬೆಳಿಗ್ಗೆ ಹೆಚ್ಚು ಬರುವುದಕ್ಕೆ ಇದೂ ಒಂದು ಕಾರಣ. ಮೀಟರನ್ನು ಬೈಯಬೇಡಿ.

ಊಟದ ನಂತರದ್ದನ್ನು ಮೊದಲ ತುತ್ತಿನಿಂದ ಎರಡು ಗಂಟೆಗೆ ನೋಡಬೇಕು. ಕೈ ತೊಳೆದ ಹೊತ್ತಿನಿಂದಲ್ಲ. ಬಾಳೆಲೆ ಊಟಕ್ಕೆ ಕೂತು ಮುಕ್ಕಾಲು ಗಂಟೆ ಉಂಡರೆ ಈ ಎರಡು ಲೆಕ್ಕದ ನಡುವೆ ಎಷ್ಟು ಅಂತರ ಆಗುತ್ತದೆ ನೋಡಿ. ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ.

ನೋಡುವ ದಿನ ಮಾಮೂಲಿ ಊಟ, ಮಾಮೂಲಿ ಮಾತ್ರೆ, ಮಾಮೂಲಿ ನಡಿಗೆ ಇರಲಿ. ಡಾಕ್ಟರ್ ಹತ್ತಿರ ಹೋಗುವ ಮುಂಚೆ ಮೂರು ದಿನ ಅನ್ನ ಬಿಟ್ಟು ಒಳ್ಳೆ ನಂಬರ್ ತೋರಿಸುವುದರಿಂದ ಯಾರಿಗೂ ಲಾಭ ಇಲ್ಲ. ಪರೀಕ್ಷೆಗೆಂದು ಆ ದಿನದ ಮಾತ್ರೆ ಬಿಡುವುದೂ ತಪ್ಪು, ಡಾಕ್ಟರೇ ಹೇಳಿದ್ದರೆ ಬೇರೆ ಮಾತು.

ಮಾತ್ರೆ ಮಾತ್ರ ತೆಗೆದುಕೊಳ್ಳುವವರು ದಿನಾ ಬೆಳಿಗ್ಗೆ ಫಾಸ್ಟಿಂಗ್ ಒಂದನ್ನೇ ನೋಡಿ ಸ್ಟ್ರಿಪ್ ಖರ್ಚು ಮಾಡುವುದಕ್ಕಿಂತ ಜೋಡಿಯಾಗಿ ನೋಡುವುದು ಮೇಲು. ಒಂದು ದಿನ ತಿಂಡಿಗೆ ಮುಂಚೆ ಮತ್ತು ಎರಡು ಗಂಟೆ ನಂತರ. ಇನ್ನೊಂದು ದಿನ ಮಧ್ಯಾಹ್ನದ ಊಟಕ್ಕೆ ಹೀಗೆಯೇ. ಮತ್ತೊಂದು ದಿನ ರಾತ್ರಿಗೆ. ಆಗ ಇಡ್ಲಿ ಎಷ್ಟು ಏರಿಸಿತು, ಮುದ್ದೆ ಎಷ್ಟು ಏರಿಸಿತು ಎಂದು ನಿಮಗೇ ಗೊತ್ತಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು ದಿನಕ್ಕೆ ಎಷ್ಟು ಸಲ ನೋಡಬೇಕೆಂದು ಡಾಕ್ಟರನ್ನೇ ಕೇಳಿ. ಅಮೆರಿಕದ ಡಯಾಬಿಟಿಸ್ ಸಂಘ ಹೆಚ್ಚಿನ ವಯಸ್ಕರಿಗೆ ಊಟಕ್ಕೆ ಮುಂಚೆ 80–130, ಊಟ ಶುರುವಾದ ಒಂದೆರಡು ಗಂಟೆಗೆ 180ರೊಳಗೆ ಎಂಬ ಗುರಿ ಹೇಳುತ್ತದೆ. ವಯಸ್ಸಾದವರಿಗೆ, ಬೇರೆ ಕಾಯಿಲೆ ಇರುವವರಿಗೆ, ಗರ್ಭಿಣಿಯರಿಗೆ ಗುರಿ ಬೇರೆ.

ಬರೆದಿಡುವಾಗ ಬರೀ "178" ಎಂದು ಬರೆಯಬೇಡಿ. "178, ತಿಂಡಿಯ 2 ಗಂಟೆ ನಂತರ, ಮೂರು ದೋಸೆ, ನಡೆದಿಲ್ಲ, ನೆಗಡಿ ಜ್ವರ" ಎಂದಿರಲಿ. ಜ್ವರ, ನಿದ್ದೆಗೇಡು, ಸ್ಟಿರಾಯ್ಡ್ ಮಾತ್ರೆ ಇವೆಲ್ಲ ಶುಗರ್ ನಿಜವಾಗಿಯೇ ಏರಿಸುತ್ತವೆ. ಅದು ರೀಡಿಂಗಿನ ತಪ್ಪಲ್ಲ.

ಲ್ಯಾಬಿಗೆ ಹೋಲಿಸುವುದು ಹೇಗೆ

ಹೆಚ್ಚಿನವರು ಮನೆಯಲ್ಲಿ ಆರೂವರೆಗೆ ನೋಡುತ್ತಾರೆ, ಎಂಟೂವರೆಗೆ ಲ್ಯಾಬಿಗೆ ಹೋಗುತ್ತಾರೆ, ಸಂಜೆ ರಿಪೋರ್ಟ್ ನೋಡಿ ಮೀಟರಿಗೆ ಶಾಪ ಹಾಕುತ್ತಾರೆ. ಎರಡು ಗಂಟೆಯಲ್ಲಿ ಶುಗರ್ ಬದಲಾಗಿರುತ್ತದೆ. ಸರಿಯಾದ ದಾರಿ ಇದು. ಮೀಟರನ್ನು ಲ್ಯಾಬಿಗೇ ಒಯ್ಯಿರಿ. ಖಾಲಿ ಹೊಟ್ಟೆಯಲ್ಲಿ ಹೋಗಿ. ತೋಳಿನ ರಕ್ತ ತೆಗೆದ ಐದು ನಿಮಿಷದೊಳಗೆ ಅಲ್ಲೇ ಕೈ ತೊಳೆದು ಬೆರಳು ಚುಚ್ಚಿ ನೋಡಿ. ಟ್ಯೂಬಿನ ರಕ್ತವನ್ನು ಸ್ಟ್ರಿಪ್ಪಿಗೆ ಹಾಕಿಸಬೇಡಿ. ರಿಪೋರ್ಟ್ ಬಂದ ಮೇಲೆ ಶೇ. 15ರ ಲೆಕ್ಕ ಹಾಕಿ. ಅದರೊಳಗಿದ್ದರೆ ನಿಮ್ಮ ಮೀಟರ್ ಚೆನ್ನಾಗಿದೆ.

ಊಟವಾದ ಮೇಲೆ ಹೋಲಿಸಬಾರದು. ಬೆರಳ ತುದಿಗೆ ಬರುವ ರಕ್ತ ಆಗಷ್ಟೇ ಹೃದಯದಿಂದ ಬಂದದ್ದು, ಸಕ್ಕರೆ ತುಂಬಿದ್ದು. ತೋಳಿನ ರಕ್ತನಾಳದಲ್ಲಿರುವುದು ಸ್ನಾಯುಗಳಿಗೆ ಸಕ್ಕರೆ ಕೊಟ್ಟು ವಾಪಸ್ ಹೋಗುತ್ತಿರುವುದು. ಊಟದ ನಂತರ ಬೆರಳಿನದು 20–30 ಎಂಜಿ ಹೆಚ್ಚು ಬರುವುದು ಮಾಮೂಲಿ. ಖಾಲಿ ಹೊಟ್ಟೆಯಲ್ಲಿ ಎರಡೂ ಹತ್ತಿರ ಹತ್ತಿರ ಇರುತ್ತವೆ.

ಲ್ಯಾಬ್ ಎಂದರೆ ತಪ್ಪೇ ಇಲ್ಲ ಎಂದೂ ತಿಳಿಯಬೇಡಿ. ಟ್ಯೂಬಿನಲ್ಲಿರುವ ರಕ್ತಕಣಗಳಿಗೂ ಹಸಿವು ಇದೆ. ಸಾಮಾನ್ಯ ಟ್ಯೂಬಿನಲ್ಲಿ ಹಾಗೇ ಬಿಟ್ಟರೆ ಗಂಟೆಗೆ ಶೇ. 5ರಿಂದ 7ರಷ್ಟು ಗ್ಲುಕೋಸನ್ನು ಅವೇ ತಿಂದುಬಿಡುತ್ತವೆ. ಅದಕ್ಕೇ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬ್ ಬಳಸುತ್ತಾರೆ. ಅದೂ ಪೂರ್ತಿ ತಡೆಯಲು ಸ್ವಲ್ಪ ಹೊತ್ತು ಬೇಕು. ಮನೆಗೇ ಬಂದು ರಕ್ತ ತೆಗೆದುಕೊಂಡು, ಹತ್ತು ಮನೆ ಸುತ್ತಿ ಲ್ಯಾಬ್ ಸೇರುವ ವ್ಯವಸ್ಥೆ ಈಗ ಹಲವು ಊರುಗಳಲ್ಲಿ ಇದೆ. ಅಲ್ಲಿ ನಂಬರ್ ಕಡಿಮೆ ಬಂದರೆ ಯಾವುದು ಸರಿ ಎಂದು ಒಮ್ಮೆ ಯೋಚಿಸಬೇಕಾದ್ದೇ. ಬೂದು ಮುಚ್ಚಳದ ಟ್ಯೂಬನ್ನು ಕೇಳಿ ತೆಗೆಸಿಕೊಳ್ಳಿ.

ಎರಡು ಮನೆ ಮೀಟರ್‌ಗಳನ್ನು ಒಂದಕ್ಕೊಂದು ಹೋಲಿಸುವುದಂತೂ ಸುಮ್ನೆ ಸ್ಟ್ರಿಪ್ ದಂಡ. ಒಂದು ಶೇ. 10 ಮೇಲೆ, ಇನ್ನೊಂದು ಶೇ. 10 ಕೆಳಗೆ ತೋರಿಸಿದರೆ ಎರಡೂ ಸರಿಯಾಗಿಯೇ ಇರುತ್ತವೆ, ನಿಮಗೆ ಮಾತ್ರ ತಲೆ ಕೆಡುತ್ತದೆ. ಒಂದನ್ನೇ ನಂಬಿ ನಡೆಯಿರಿ.

ಎಚ್‌ಬಿಎ1ಸಿ ಜೊತೆಗೂ ಹೊಂದಿಸಿ ನೋಡಬಹುದು. ಅದು ಸುಮಾರು ಮೂರು ತಿಂಗಳ ಸರಾಸರಿಯ ಗುರುತು. 6 ಎಂದರೆ ಸರಾಸರಿ 126, 7 ಎಂದರೆ 154, 8 ಎಂದರೆ 183. ಮನೆಯಲ್ಲಿ ಯಾವಾಗಲೂ 120 ಬರುತ್ತದೆ, ಎಚ್‌ಬಿಎ1ಸಿ ಮಾತ್ರ 8 ಎಂದರೆ ಮೀಟರ್ ಕೆಟ್ಟಿದೆ ಎಂದಲ್ಲ. ಬಹುಶಃ ನೀವು ಬೆಳಿಗ್ಗೆ ಮಾತ್ರ ನೋಡುತ್ತಿದ್ದೀರಿ, ಏರುತ್ತಿರುವುದು ಊಟದ ನಂತರ.

ದೇಹದ್ದೇ ಕಾರಣವಾದಾಗ

ರಕ್ತಹೀನತೆ ಇರುವವರಲ್ಲಿ ಮೀಟರ್ ನಿಜಕ್ಕಿಂತ ಹೆಚ್ಚು ತೋರಿಸಬಹುದು. ಕೆಂಪು ಕಣಗಳು ಕಡಿಮೆ ಇದ್ದಾಗ ಹನಿಯಲ್ಲಿ ಸಕ್ಕರೆಯುಳ್ಳ ನೀರಿನ ಭಾಗ ಜಾಸ್ತಿ, ಅದು ಕಿಣ್ವಕ್ಕೆ ಬೇಗ ತಲುಪುತ್ತದೆ. ಇದರ ತಿರುಗು ಮುರುಗು, ದೇಹದಲ್ಲಿ ನೀರು ತೀರಾ ಕಡಿಮೆಯಾಗಿ ರಕ್ತ ಗಟ್ಟಿಯಾದಾಗ ಕಡಿಮೆ ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಗರ್ಭಿಣಿಯ ಶುಗರ್ ಮನೆಯಲ್ಲಿ ನೋಡುವಾಗ ಹಿಮೋಗ್ಲೋಬಿನ್ ರಿಪೋರ್ಟನ್ನೂ ಡಾಕ್ಟರಿಗೆ ತೋರಿಸಿ. ಕಬ್ಬಿಣದ ಕೊರತೆಯ ರಕ್ತಹೀನತೆ ಎಚ್‌ಬಿಎ1ಸಿಯನ್ನೂ ಮೇಲಕ್ಕೆ ಎಳೆಯುತ್ತದೆ. ಸ್ಟ್ರಿಪ್ಪಿನ ಚೀಟಿಯಲ್ಲಿ ಹಿಮಾಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಎಷ್ಟರಿಂದ ಎಷ್ಟರವರೆಗೆ ಇದ್ದರೆ ನಂಬಬಹುದು ಎಂದು ಅಂಕಿ ಕೊಟ್ಟಿರುತ್ತಾರೆ.

ಡಾಕ್ಟರ್ ಹೇಳದೆ ವಿಟಮಿನ್ ಸಿ ಮಾತ್ರೆಗಳನ್ನು ದೊಡ್ಡ ಪ್ರಮಾಣದಲ್ಲಿ ನುಂಗುವವರ ರೀಡಿಂಗ್ ಕೂಡ ಕೆಲವು ಮೀಟರ್‌ಗಳಲ್ಲಿ ತಪ್ಪುತ್ತದೆ. ಹೊಟ್ಟೆಯ ಮೂಲಕ ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುವವರು ಮಾತ್ರ ಇದನ್ನು ಎರಡು ಸಲ ಓದಿ. ಅದರಲ್ಲಿ ಬಳಸುವ ಐಕೋಡೆಕ್ಸ್‌ಟ್ರಿನ್ ಎಂಬ ದ್ರವ ಕೆಲವು ಬಗೆಯ ಸ್ಟ್ರಿಪ್‌ಗಳಿಗೆ ಗ್ಲುಕೋಸ್ ಹಾಗೆಯೇ ಕಾಣುತ್ತದೆ. ಶುಗರ್ ಪಾತಾಳಕ್ಕೆ ಇಳಿದಿದ್ದರೂ ಮೀಟರ್ ಹೆಚ್ಚು ಅನ್ನಬಹುದು. ನಿಮ್ಮ ಸ್ಟ್ರಿಪ್ ಇದಕ್ಕೆ ಆಗುತ್ತದೆಯೇ ಎಂದು ಡಯಾಲಿಸಿಸ್ ನೋಡುವ ಡಾಕ್ಟರರಿಂದ ಖಚಿತ ಮಾಡಿಕೊಳ್ಳಿ.

ನಂಬಲಾಗದ ನಂಬರ್ ಬಂದರೆ

ಮೊದಲು ಮೈಯನ್ನು ಕೇಳಿ. ಬೆವರು, ನಡುಕ, ಎದೆಬಡಿತ, ಕಣ್ಣು ಮಂಜಾಗುವುದು, ಮಾತು ತಡವರಿಸುವುದು ಇದ್ದರೆ ಮೀಟರ್ 110 ಅಂದರೂ ಶುಗರ್ ಇಳಿದಿದೆ ಎಂದೇ ನಡೆದುಕೊಳ್ಳಿ. 70ಕ್ಕಿಂತ ಕೆಳಗೆ ಬಂದರೆ 15 ಗ್ರಾಂ ಸಕ್ಕರೆ, ಅಂದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಆಗಲೂ ಕಡಿಮೆ ಇದ್ದರೆ ಮತ್ತೊಮ್ಮೆ ಕುಡಿಯಿರಿ. ಹೀಗೆ ನೋಡುವಾಗ ಸಕ್ಕರೆ ಕಲಸಿದ ಕೈಯಿಂದಲೇ ಚುಚ್ಚಿಬಿಡಬೇಡಿ! ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮೈಯಲ್ಲಿ ಏನೂ ತೊಂದರೆ ಇಲ್ಲ, ನಂಬರ್ ಮಾತ್ರ ವಿಚಿತ್ರ ಎಂದಾದರೆ ಮತ್ತೆ ಕೈ ತೊಳೆದು, ಬೇರೆ ಬೆರಳು, ಹೊಸ ಸ್ಟ್ರಿಪ್. ಎರಡನೆಯದು ಮೊದಲನೆಯದಕ್ಕೆ ಹತ್ತಿರ ಇದ್ದರೆ ನಂಬಿ. ದೂರ ಇದ್ದರೆ ಸ್ಟ್ರಿಪ್ ಡಬ್ಬಿಯ ತಾರೀಕು ನೋಡಿ, ಕಂಟ್ರೋಲ್ ಸಲ್ಯೂಷನ್ ಹಾಕಿ. ಒಂದೇ ಒಂದು ರೀಡಿಂಗ್ ನೋಡಿ ಮಾತ್ರೆಯನ್ನೋ ಇನ್ಸುಲಿನ್ನನ್ನೋ ನೀವೇ ಬದಲಿಸಬೇಡಿ.

ಪರದೆಯ ಮೇಲೆ ಅಂಕಿಯ ಬದಲು ಎರಡು ಇಂಗ್ಲಿಷ್ ಅಕ್ಷರ ಬರುವುದುಂಟು. ಎಚ್, ಐ ಬಂದರೆ ಅದು ನಿಮಗೆ ‘ಹಾಯ್’ ಹೇಳುತ್ತಿಲ್ಲ. ಮೀಟರಿನ ಅಳತೆಗೂ ಮೀರಿ, ಹೆಚ್ಚಿನ ಮೀಟರ್‌ಗಳಲ್ಲಿ 600ಕ್ಕಿಂತ ಮೇಲೆ, ಶುಗರ್ ಇದೆ ಎಂದು ಅರ್ಥ. ಎಲ್, ಒ ಬಂದರೆ 20ಕ್ಕಿಂತಲೂ ಕೆಳಗೆ. ಇದನ್ನು ಕನ್ನಡಕ ಇಲ್ಲದೆ 10 ಎಂದು ಓದುವವರೂ ಇದ್ದಾರೆ. ಎರಡೂ ತುರ್ತಿನ ಸಂಕೇತ. ಮತ್ತೊಮ್ಮೆ ನೋಡಿ, ಅದೇ ಬಂದರೆ ಆಸ್ಪತ್ರೆಗೆ ಹೊರಡಿ. ಶುಗರ್ ಏರಿರುವುದರ ಜೊತೆ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೂ ಕಾಯಬೇಡಿ.

ತೋಳಿಗೆ ಅಂಟಿಸುವ ಸೆನ್ಸರ್ ಬಗ್ಗೆ ಒಂದು ಮಾತು. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು. ಶುಗರ್ ವೇಗವಾಗಿ ಏರುವಾಗ, ಇಳಿಯುವಾಗ ಹಲವು ನಿಮಿಷ ಹಿಂದೆ ಉಳಿಯುತ್ತದೆ. ಆ ತೋಳಿನ ಮೇಲೆ ಮಲಗಿದರೆ ಸುಳ್ಳು ಇಳಿಕೆ ತೋರಿಸಬಹುದು. ಅನುಮಾನ ಬಂದಾಗ ಬೆರಳು ಚುಚ್ಚಿಯೇ ನೋಡಬೇಕು. ಚುಚ್ಚದೆಯೇ ಶುಗರ್ ಹೇಳುತ್ತೇವೆ ಎನ್ನುವ ಕೈಗಡಿಯಾರ, ಉಂಗುರಗಳನ್ನು ಮಾತ್ರ ಕೊಳ್ಳಬೇಡಿ. ಅಂಥ ಯಾವುದಕ್ಕೂ ತಾನು ಅನುಮತಿ ಕೊಟ್ಟಿಲ್ಲ, ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಕೆ ಕೊಟ್ಟಿತು.

ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕುತ್ತಾ ಹೋಗಿ. ತುಂಬಿದ ಮೇಲೆ ಮುಚ್ಚಳಕ್ಕೆ ಟೇಪ್ ಸುತ್ತಿ, "ಸೂಜಿ ಇದೆ" ಎಂದು ಮೇಲೆ ಬರೆಯಿರಿ. ಹಸಿ ಕಸ, ಒಣ ಕಸ ಎರಡಕ್ಕೂ ಸೇರಿಸದೆ ಬೇರೆಯಾಗಿ ಕೊಡಿ, ಇಲ್ಲವೇ ನೀವು ಹೋಗುವ ಕ್ಲಿನಿಕ್ಕಿನಲ್ಲಿ ತೆಗೆದುಕೊಳ್ಳುತ್ತಾರಾ ಕೇಳಿ. ಬೆಳಿಗ್ಗೆ ಕಸ ಬೇರ್ಪಡಿಸುವವರು ಬರಿಗೈಯಲ್ಲೇ ಅದಕ್ಕೆ ಕೈ ಹಾಕುತ್ತಾರೆ.